ಬೇಳೆಸಾರಿಗೆ ಬಿದ್ದ ನಟ್

ಕಳೆದ ವಾರ ಹಲ್ಲು ತೋರಿಸಲು ಡೊಂಬಿವಲಿ ಪೂರ್ವದ ಒಂದು ದವಾಖಾನೆಗೆ ಹೋಗಿದ್ದೆ. ಹಲ್ಲಿನ ಡಾಕ್ಟರರ ಕಾಯುವ ಕೋಣೆ ಹೇಗಿರುತ್ತದೆಂದು ನಿಮಗೆ ಗೊತ್ತೇ ಇದೆ. ಲವಂಗದೆಣ್ಣೆಯ ವಾಸನೆ, ಕೆನ್ನೆ ಹಿಡಿದುಕೊಂಡು ಕೂತ ಏಳೆಂಟು ಜನ, ಒಳಗಿನಿಂದ ಬರುವ ಆ ಸಣ್ಣ ಯಂತ್ರದ ಕೀರಲು ಸದ್ದು. ಗೋಡೆಯ ಮೇಲಿನ ಟೀವಿಯಲ್ಲಿ ಒಂದು ಹಿಂದಿ ಹಾಸ್ಯಚಿತ್ರ ನಡೆಯುತ್ತಿತ್ತು. ಯಾರೂ ನಗುತ್ತಿರಲಿಲ್ಲ. ಪಾಪ, ನೋವಿನಲ್ಲಿದ್ದಾರೆ ಎಂದು ಬೇರೆ ಯಾರಾದರೂ ತಿಳಿದುಕೊಳ್ಳಬಹುದಿತ್ತು. ನನಗೆ ಹಾಗೆ ಅನ್ನಿಸಲಿಲ್ಲ. ಮೂವತ್ತೆರಡು ಹಲ್ಲೂ ಗಟ್ಟಿಯಿದ್ದವರು ಈ ಚಿತ್ರದ ಮುಂದೆ ಹೀಗೆಯೇ ಕೂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಚಿತ್ರದ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿ ನೋಡುತ್ತೀರಿ, ಆಮೇಲೆ ನನ್ನನ್ನು ಬೈಯುತ್ತೀರಿ. ಯಾವುದೋ ಇಟಾಲಿಯನ್ ಚಿತ್ರವನ್ನು ಹಿಂದಿಗೆ ತಂದದ್ದು. ಒಬ್ಬಳು ವಿಧವೆ ಅತ್ತೆ, ಮೂವರು ಅಳಿಯಂದಿರು. ಅತ್ತೆ ತನ್ನ ಮನೆಗೆ ಬರದೆ ಇನ್ನೊಬ್ಬನ ಮನೆಗೆ ಹೋಗಲಿ ಎಂದು ಮೂವರೂ ಹೂಡುವ ಉಪಾಯಗಳು, ಇಷ್ಟೇ ಕತೆ. ನನ್ನ ಸರದಿ ಬರುವವರೆಗೆ ಅರ್ಧ ಗಂಟೆ ಅದನ್ನೇ ನೋಡುತ್ತ ಕೂತೆ. ಆ ಚಿತ್ರ ಕಂಡರೆ ನನಗೆ ಅದರ ನಟರು ಯಾರೂ ನೆನಪಾಗುವುದಿಲ್ಲ, ನೆನಪಾಗುವವನು ಶೇಷಗಿರಿ. ಅವನ ಬೆನ್ನಿಗೇ ಏಳೆಂಟು ವರ್ಷಗಳ ಹಿಂದೆ ನಾನು ಮಾಡಿದ ಒಂದು ಕಿತಾಪತಿಯೂ ನೆನಪಾಗುತ್ತದೆ.

ಆಗ ನಾನು ಸಿನಿಮಾ ವಿಮರ್ಶಕನಾಗಿದ್ದೆ. ಈ ವಾಕ್ಯ ಬರೆಯುವಾಗ ನನ್ನ ಹೆಂಡತಿ ಸುಮತಿ ಬೆನ್ನ ಹಿಂದೆ ನಿಂತಿದ್ದರೆ ಖಂಡಿತ ನಗುತ್ತಿದ್ದಳು. ಹೊಟ್ಟೆಪಾಡಿಗೆ ನಾನು ತುರ್ಭೆಯ ಒಂದು ಔಷಧ ಕಂಪನಿಯ ಗೋದಾಮಿನ ಮೇಲ್ವಿಚಾರಕ. ಮಾತ್ರೆಯ ಪೆಟ್ಟಿಗೆಗಳು ಬಂದವೇ, ಹೋದವೇ, ಯಾವುದಾದರೂ ಬಿಸಿಲಿಗೆ ಬಿದ್ದಿದೆಯೇ ಎಂದು ನೋಡುವುದು ಕೆಲಸ. ಆದರೆ ನಮ್ಮ ಕಡೆಯ ಕನ್ನಡಿಗರು ನಡೆಸುವ ಒಂದು ಪುಟ್ಟ ಮಾಸಪತ್ರಿಕೆಯಲ್ಲಿ, ತಾಳಮದ್ದಳೆಯ ಪ್ರಕಟಣೆಗೂ ಷಷ್ಟ್ಯಬ್ದಿ ಸಮಾರಂಭದ ಫೋಟೊಗಳಿಗೂ ನಡುವೆ, ತಿಂಗಳಿಗೆ ಒಂದು ಪುಟ ನನ್ನದಿತ್ತು. ‘ಕೊನೆಸಾಲಿನವ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದೆ. ಆ ಕೊನೆಸಾಲಿನವ ಯಾರೆಂದು ಸಂಪಾದಕರಿಗೆ ಮತ್ತು ಸುಮತಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹೆಸರು ಗುಟ್ಟಾಗಿದ್ದರೆ ನಾಲಿಗೆಗೆ ಎಷ್ಟು ಧೈರ್ಯ ಬರುತ್ತದೆಂಬುದು ಹಾಗೆ ಬರೆದವರಿಗಷ್ಟೇ ಗೊತ್ತು.

ನನ್ನ ವಿಮರ್ಶೆಗಳಿಗೆ ಒಂದು ಕಾಯಂ ವಾಕ್ಯವಿತ್ತು: ‘ಮೂಲ ಇದಕ್ಕಿಂತ ಎಷ್ಟೋ ಚೆನ್ನಾಗಿತ್ತು.’ ಹಿಂದಿ ಚಿತ್ರ ಮಲಯಾಳದಿಂದ ಬಂದಿರಲಿ, ಕೊರಿಯಾದಿಂದ ಬಂದಿರಲಿ, ಈ ವಾಕ್ಯ ಎಲ್ಲಾದರೂ ಒಂದು ಕಡೆ ಕೂತೇ ಕೂರುತ್ತಿತ್ತು. ಮೂಲವನ್ನು ನೋಡಿ ಬರೆಯುತ್ತಿದ್ದೆನೇ ಎಂದು ಕೇಳಬೇಡಿ. ಇದು ನಮ್ಮ ಮನೆತನದಲ್ಲೇ ಬಂದ ಅಭ್ಯಾಸ. ನನ್ನ ಅಪ್ಪ ಉಡುಪಿಯ ಕಡೆಯಿಂದ ಬಂದು ಡೊಂಬಿವಲಿ ಸ್ಟೇಷನ್ನಿನ ಪಕ್ಕದ ಹೋಟೆಲೊಂದರಲ್ಲಿ ಮೂವತ್ತು ವರ್ಷ ಅಡಿಗೆ ಮಾಡಿದವರು. ಪ್ರತಿ ಸಂಜೆ ಸಾಂಬಾರಿನ ರುಚಿ ನೋಡಿ, ಊರಿನ ಸಾಂಬಾರಿನ ಹಾಗೆ ಆಗಲಿಲ್ಲ ಎಂದು ತಲೆಯಾಡಿಸುತ್ತಿದ್ದರು. ಆ ಸಾಂಬಾರು ಅವರೇ ಮಾಡಿದ್ದು. ಅಮ್ಮನಿಗೆ ಇಲ್ಲಿನ ಮಲ್ಲಿಗೆ ಸಾಲದು, ಇಲ್ಲಿನ ತೆಂಗಿನಕಾಯಿಯಲ್ಲಿ ಹಾಲಿಲ್ಲ. ಹುಟ್ಟಿದ್ದು ಬೆಳೆದದ್ದು ಎಲ್ಲ ಡೊಂಬಿವಲಿಯಲ್ಲೇ ಆದ ನಾನು ಊರನ್ನು ಬೇಸಿಗೆ ರಜೆಯಲ್ಲಿ ಎಂಟೆಂಟು ದಿನ ನೋಡಿದವನು. ಆದರೂ ತಟ್ಟೆಯ ಮುಂದೆ ಕೂತರೆ ನಾನೂ ಅವರ ಹಾಗೆಯೇ ತಲೆಯಾಡಿಸುತ್ತಿದ್ದೆ. ಸಾಂಬಾರಿನಿಂದ ಸಿನಿಮಾಕ್ಕೆ ಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಇನ್ನು ಶೇಷಗಿರಿ. ನಾನು ಬೆಳಿಗ್ಗೆ ಡೊಂಬಿವಲಿಯಲ್ಲಿ ಗಾಡಿ ಹತ್ತಿ ಠಾಣೆಯಲ್ಲಿ ಇಳಿದು, ಸೇತುವೆ ದಾಟಿ ವಾಶಿಯ ಗಾಡಿ ಹಿಡಿಯುತ್ತಿದ್ದೆ. ಡೊಂಬಿವಲಿಯಲ್ಲಿ ಗಾಡಿ ಹತ್ತುವುದೆಂದರೆ ಕುಸ್ತಿ. ಯಾರ ಮುಖವನ್ನೂ ನೋಡಲು ಆಗುವುದಿಲ್ಲ, ಬೆನ್ನುಗಳ ಪರಿಚಯವಾಗುತ್ತದೆ ಅಷ್ಟೆ. ವಾಶಿಯ ಗಾಡಿಯಲ್ಲಿ ಮಾತ್ರ ಕೂರಲು ಜಾಗ ಸಿಗುತ್ತಿತ್ತು. ಒಂದು ದಿನ ನನ್ನ ಎದುರಿಗೆ ಒಬ್ಬರು ದಪ್ಪ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ತುಟಿ ಅಲುಗಿಸುತ್ತಿದ್ದರು. ಹಣೆಯಲ್ಲಿ ಗಂಧ, ಕಾಲ ಬಳಿ ಊಟದ ಡಬ್ಬಿ. ಯಾವುದೋ ಸ್ತೋತ್ರವಿರಬೇಕೆಂದು ಭಕ್ತಿಯಿಂದ ಬಗ್ಗಿ ನೋಡಿದರೆ ಪುಟದ ತುಂಬ ಹಲ್ಲುಚಕ್ರಗಳ ಚಿತ್ರ. ಅಕ್ಷರ ಇಂಗ್ಲಿಷಿನದು, ಭಾಷೆ ಇಂಗ್ಲಿಷ್ ಅಲ್ಲ. ಅವರು ತಲೆಯೆತ್ತಿ ನನ್ನ ಕೈಯಲ್ಲಿದ್ದ ಕನ್ನಡ ಪತ್ರಿಕೆಯನ್ನು ನೋಡಿ, ನಾನು ಕನ್ನಡದವನೇ ಎಂದು ಕೇಳಿದರು. ಹೌದೆಂದೆ. ಇದು ಇಟಾಲಿಯನ್, ಬಿಸ್ಕತ್ತು ಪ್ಯಾಕ್ ಮಾಡುವ ಯಂತ್ರದ ಕೈಪಿಡಿ, ಎಂದರು. ಅಲ್ಲಿಂದ ನಮ್ಮ ಸ್ನೇಹ ಸುರುವಾಯಿತು.

ಶೇಷಗಿರಿ ಧಾರವಾಡದ ಕಡೆಯವನು. ಕಲ್ಯಾಣದಲ್ಲಿ ಮನೆ, ರಬಾಳೆಯ ಒಂದು ಕಾರ್ಖಾನೆಯಲ್ಲಿ ಕೆಲಸ. ಅಲ್ಲಿಗೆ ಇಟಲಿಯಿಂದ ಯಂತ್ರಗಳು ಬರುತ್ತಿದ್ದವು. ಜೊತೆಗೆ ಬಂದ ಇಂಜಿನಿಯರರು ಎರಡು ತಿಂಗಳಿದ್ದು, ಯಂತ್ರ ಕೂರಿಸಿ, ಕೈಪಿಡಿಗಳನ್ನು ಕೊಟ್ಟು ಹೋಗಿಬಿಟ್ಟರು. ಯಂತ್ರ ಕೆಟ್ಟು ನಿಂತಾಗ ಓದಿ ಹೇಳುವವರು ಯಾರೂ ಇರಲಿಲ್ಲ. ಶೇಷಗಿರಿ ಒಂದು ನಿಘಂಟು ಕೊಂಡು ತಂದ. ಮೊದಲು ಎಚ್ಚರಿಕೆಯ ಫಲಕಗಳು, ಆಮೇಲೆ ಬಿಡಿಭಾಗಗಳ ಪಟ್ಟಿ, ಆಮೇಲೆ ಇಡೀ ಪುಸ್ತಕ. ಹೀಗೆ ರೈಲಿನಲ್ಲೇ ಹತ್ತು ವರ್ಷದಲ್ಲಿ ಇಟಾಲಿಯನ್ ಕಲಿತ. ಈ ವಿದ್ಯೆಯ ಬಗ್ಗೆ ಅವನಿಗೆ ಭ್ರಮೆಯೇನೂ ಇರಲಿಲ್ಲ. “ಇಟಲಿಯವರು ಮಾತಾಡಿದ್ರ ನನಗ ಅರ್ಧಾನೂ ತಿಳಿಯೂದಿಲ್ರಿ,” ಎಂದು ಹೇಳಿದ್ದ. “ಬರದ್ರ ತಿಳೀತದ. ಅದೂ ಮಷಿನ್ ಬಗ್ಗೆ ಬರದ್ರ.”

ಹೀಗೆ ನಾಲ್ಕೈದು ವರ್ಷ ಕಳೆದಿರಬೇಕು. ಆಗ ಈ ಚಿತ್ರ ಬಂತು. ಒಂದು ಶನಿವಾರ ಮಧ್ಯಾಹ್ನ ನಾನೂ ಸುಮತಿಯೂ ನೋಡಲು ಹೋದೆವು. ಥಿಯೇಟರು ಮುಕ್ಕಾಲು ತುಂಬಿತ್ತು. ಮೊದಲ ಹತ್ತು ನಿಮಿಷ ಜನ ನಗಲು ಸಿದ್ಧರಾಗಿ ಕೂತಿದ್ದರು. ಆ ಸಿದ್ಧತೆ ಕತ್ತಲಲ್ಲೂ ಗೊತ್ತಾಗುತ್ತದೆ. ಆಮೇಲೆ ಒಬ್ಬೊಬ್ಬರಾಗಿ ಹಿಂದಕ್ಕೆ ಒರಗಿದರು. ನಮ್ಮ ಮುಂದಿನ ಸಾಲಿನ ಅಜ್ಜರೊಬ್ಬರು ನಿದ್ದೆಹೋದರು. ಅಳಿಯಂದಿರು ಬಾಯಿ ತುಂಬ ಮಾತಾಡುತ್ತಿದ್ದರು, ಆದರೆ ಮಾತಿಗೂ ಮಾತಿಗೂ ಸಂಬಂಧವಿರುತ್ತಿರಲಿಲ್ಲ. ನಡುನಡುವೆ ಹಿಮದ ಮೇಲೆ ಹಾಡುಗಳು. ಮಧ್ಯಂತರದಲ್ಲಿ ಹೇಗುಂಟು ಎಂದು ಸುಮತಿಯನ್ನು ಕೇಳಿದೆ. ಸಮೋಸ ಚೆನ್ನಾಗಿ ಉಂಟು ಎಂದಳು.

ಇಡೀ ಚಿತ್ರದಲ್ಲಿ ಥಿಯೇಟರು ನಕ್ಕದ್ದು ಒಂದೇ ಸಲ. ಅತ್ತೆ ಎರಡನೆಯ ಅಳಿಯನ ಮನೆಯಲ್ಲಿ ಬೇಳೆಸಾರು ಮಾಡುತ್ತಿರುತ್ತಾಳೆ. ರುಚಿ ನೋಡಿ, ಮುಖ ಹುಳ್ಳಗೆ ಮಾಡಿ, ಅಳಿಯನ ಸಲಕರಣೆಗಳ ಪೆಟ್ಟಿಗೆಯಿಂದ ಒಂದು ಕಬ್ಬಿಣದ ನಟ್ ತೆಗೆದು, ತೊಳೆದು, ಕುದಿಯುವ ಸಾರಿಗೆ ಹಾಕುತ್ತಾಳೆ. ಮತ್ತೆ ರುಚಿ ನೋಡುತ್ತಾಳೆ. ಈಗ ಸರಿಯಾಯಿತು ಎಂಬಂತೆ ಕಣ್ಣು ಮುಚ್ಚಿ ತಲೆದೂಗುತ್ತಾಳೆ. ಯಾಕೆ, ಏನು ಎಂದು ಯಾರೂ ಹೇಳುವುದಿಲ್ಲ. ಇಡೀ ಥಿಯೇಟರು ಹೋ ಎಂದಿತು. ನಿದ್ದೆಹೋಗಿದ್ದ ಅಜ್ಜರು ಎದ್ದು, ಏನಾಯಿತೆಂದು ಸೊಸೆಯನ್ನು ಕೇಳಿ, ಅವಳು ಹೇಳಿದ ಮೇಲೆ ತಾವೊಬ್ಬರೇ ಇನ್ನೊಮ್ಮೆ ನಕ್ಕರು.

ಮರುದಿನವೇ ಬರೆಯಲು ಕೂತೆ. ಕೆಟ್ಟ ಚಿತ್ರದ ಬಗ್ಗೆ ಬರೆಯುವುದರಲ್ಲಿ ಒಂದು ಸುಖವಿದೆ, ಲೇಖನಿ ತಾನಾಗಿ ಓಡುತ್ತದೆ. ಆ ಪುಟದ ಮೂರು ವಾಕ್ಯಗಳು ನನಗೆ ಈಗಲೂ ಬಾಯಿಪಾಠ. ‘ಮೂಲ ಚಿತ್ರದ ಲಾಲಿತ್ಯವೆಲ್ಲ ಸಮುದ್ರ ದಾಟುವಾಗ ನೀರುಪಾಲಾಗಿದೆ. ಮಾತುಗಳನ್ನು ಕೇಳಿದರೆ ಯಾರೋ ಯಂತ್ರದ ಕೈಪಿಡಿ ಮುಂದಿಟ್ಟುಕೊಂಡು ಬರೆದಂತಿದೆ. ಬೇಳೆಸಾರಿಗೆ ನಟ್ ಹಾಕುವ ಒಂದು ದೃಶ್ಯ ಮಾತ್ರ ಮೂಲದವರ ಪ್ರತಿಭೆಗೆ ಸಾಕ್ಷಿಯಾಗಿ ಹೇಗೋ ಉಳಿದುಕೊಂಡಿದೆ.’ ಎರಡನೆಯ ವಾಕ್ಯ ಬರೆದಾಗ ನಾನೇ ಮೆಚ್ಚಿಕೊಂಡು ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ.

ಪತ್ರಿಕೆ ಹೊರಬಂದ ಮೇಲೆ ಒಂದು ವಾರ ಶೇಷಗಿರಿ ಗಾಡಿಯಲ್ಲಿ ಕಾಣಲಿಲ್ಲ. ಹುಷಾರಿಲ್ಲವೇನೋ ಎಂದು ಫೋನು ಮಾಡಿದರೆ ಎತ್ತಲಿಲ್ಲ. ಎಂಟನೆಯ ದಿನ ನಾನು ಸ್ವಲ್ಪ ಬೇಗ ಹೊರಟಿದ್ದೆ. ಠಾಣೆಯ ಸೇತುವೆಯ ಮೇಲೆ ಸಿಕ್ಕಿಬಿದ್ದ. ಯಾರ ಜೊತೆಯೂ ಮಾತು ಬೇಡವೆಂದು ಇಷ್ಟು ದಿನ ಮುಂಚಿನ ಗಾಡಿಗೆ ಹೋಗುತ್ತಿದ್ದನಂತೆ. ಮುಖ ಬಾಡಿತ್ತು. ಗಾಡಿಯಲ್ಲಿ ಕೂತ ಮೇಲೆ ತಾನಾಗಿ ಬಾಯಿಬಿಟ್ಟ.

ಅವನ ಕಾರ್ಖಾನೆಗೆ ಬರುವ ಒಬ್ಬ ಏಜೆಂಟನ ಭಾವ ಸಿನಿಮಾದ ಕಚೇರಿಯೊಂದರಲ್ಲಿದ್ದ. ಅಲ್ಲಿ ಇಟಾಲಿಯನ್ ಬಲ್ಲವರು ಬೇಕಾಗಿದ್ದರು. ಹಾಗೆ ಆ ಚಿತ್ರದ ಮಾತುಗಳ ಕಾಗದದ ಕಟ್ಟು ಶೇಷಗಿರಿಯ ಕೈಗೆ ಬಂತು. ಪ್ರತಿಯೊಂದು ಮಾತಿನ ಅರ್ಥವನ್ನು ಹಿಂದಿಯಲ್ಲಿ ಬರೆದುಕೊಡಬೇಕು. ಅದನ್ನಿಟ್ಟುಕೊಂಡು ಅವರ ಬರಹಗಾರರು ಸಂಭಾಷಣೆ ಕಟ್ಟುತ್ತಾರೆ. ಅವನು ಎರಡು ತಿಂಗಳು ಬೆಳಿಗ್ಗೆ ಸಂಜೆ ರೈಲಿನಲ್ಲಿ, ಭಾನುವಾರ ಮನೆಯಲ್ಲಿ ಕೂತು ಬರೆದುಕೊಟ್ಟಿದ್ದ. ಚಿತ್ರ ಹೊರಬೀಳುವುದೋ ಇಲ್ಲವೋ ಎಂದು ನನಗೂ ಹೇಳಿರಲಿಲ್ಲ, ಬರೆಯುವುದು ಕಂಡರೂ ಕೈಪಿಡಿಯ ಕೆಲಸವೆಂದೇ ನಾನು ತಿಳಿದಿದ್ದೆ. ಅವನ ಹೆಂಡತಿ ಗಿರಿಜಾ ವೈನಿ (ಅವರ ಕಡೆ ಅತ್ತಿಗೆಗೆ ವೈನಿ ಎನ್ನುತ್ತಾರೆ) ಮಾತ್ರ ತಡೆಯಲಾರದೆ ಧಾರವಾಡದ ನೆಂಟರಿಗೆಲ್ಲ ಹೇಳಿಬಿಟ್ಟಿದ್ದರು. ಈಗ ಚಿತ್ರ ಮಕಾಡೆ ಮಲಗಿತ್ತು. ನೆಂಟರು ಫೋನು ಮಾಡಿ ಸಮಾಧಾನ ಹೇಳುತ್ತಿದ್ದರು.

ಶೇಷಗಿರಿ ಚೀಲದಿಂದ ನಮ್ಮ ಮಾಸಪತ್ರಿಕೆಯನ್ನು ತೆಗೆದ. ಅದಕ್ಕೆ ಚಂದಾ ಕಟ್ಟಿದವರಲ್ಲಿ ಗಿರಿಜಾ ವೈನಿಯೂ ಒಬ್ಬರೆಂದು ನನಗೆ ಗೊತ್ತಿರಲಿಲ್ಲ. ನನ್ನ ಎರಡನೆಯ ವಾಕ್ಯದ ಕೆಳಗೆ ಪೆನ್ಸಿಲಿನಿಂದ, ಸ್ಕೇಲು ಹಿಡಿದು, ನೆಟ್ಟಗೆ ಗೆರೆ ಎಳೆದಿದ್ದ.

“ಇವರು ಯಾರೋ ಭಾಳ ಬಲ್ಲವರು ಇರಬೇಕ್ರಿ,” ಎಂದ. “ಮಷಿನ್ ಕೈಪಿಡಿ ಮುಂದಿಟ್ಟುಕೊಂಡು ಬರದ್ಹಂಗ ಅದ ಅಂದಾರ. ನಾ ಕಲತದ್ದು ಅದರಿಂದನ. ಇವರಿಗೆ ಹೆಂಗ ತಿಳೀತು?”

ಹಾಸ್ಯದ ಮಾತುಗಳನ್ನು ತಾನು ಯಂತ್ರದ ಮಾತು ಮಾಡಿದೆ, ತನ್ನಿಂದ ಅಷ್ಟು ಜನರ ದುಡಿಮೆ ಹಾಳಾಯಿತು ಎಂದು ಅವನು ನಂಬಿಬಿಟ್ಟಿದ್ದ. ಊಟ ಸೇರುತ್ತಿಲ್ಲ ಎಂದ. ಗಾಡಿ ಐರೋಳಿಗೆ ಬಂದು ನಿಂತಿತು, ಹೊರಟಿತು. ಐರೋಳಿಯಿಂದ ರಬಾಳೆಗೆ ನಾಲ್ಕು ನಿಮಿಷ. ನಾಲ್ಕು ನಿಮಿಷದಲ್ಲಿ ಒಬ್ಬ ಮನುಷ್ಯ ಸತ್ಯ ಹೇಳಿ, ಕ್ಷಮೆ ಕೇಳಿ, ಇನ್ನೂ ಎರಡು ನಿಮಿಷ ಉಳಿಸಿಕೊಳ್ಳಬಹುದು. ನಾನು ಕಿಟಕಿಯ ಹೊರಗೆ ಕಾರ್ಖಾನೆಗಳ ತಗಡಿನ ಮಾಡುಗಳನ್ನು ನೋಡುತ್ತ ಕೂತೆ. ವಿಮರ್ಶಕರ ಮಾತು ಅಷ್ಟೊಂದು ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದೇನೋ ಗೊಣಗಿದೆ. ಅವನು ಇಳಿದುಹೋದ.

ಇಷ್ಟಕ್ಕೇ ಮುಗಿದಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ. ನನ್ನ ಮನಸ್ಸಾಕ್ಷಿಗೆ ಒಳ್ಳೆಯ ನಿದ್ದೆ ಬರುತ್ತದೆ. ಆದರೆ ಎರಡು ದಿನ ಬಿಟ್ಟು ಶೇಷಗಿರಿ ಒಂದು ಕಾಗದ ತಂದ. ಕೊನೆಸಾಲಿನವರಿಗೆ ಬರೆದ ಪತ್ರ, ಸಂಪಾದಕರ ಮೂಲಕ ಕಳಿಸುವವನಿದ್ದ. ಹಿಂದಿ, ಇಂಗ್ಲಿಷ್, ಇಟಾಲಿಯನ್ ಬರೆದು ಬರೆದು ಕನ್ನಡದ ಕೈ ತಪ್ಪಿದೆ, ನೀವು ಚಲೋ ಕನ್ನಡ ಬಲ್ಲವರು, ತಪ್ಪು ಇದ್ದರೆ ತಿದ್ದಿಕೊಡ್ರಿ, ಎಂದು ನನ್ನ ಕೈಗಿತ್ತ. ಆ ಪತ್ರದಲ್ಲಿ ಸಿಟ್ಟಿನ ಒಂದು ಅಕ್ಷರವಿರಲಿಲ್ಲ. ಆ ಚಿತ್ರದ ಮಾತುಗಳಿಗೆ ಅರ್ಥ ಬರೆದವನು ನಾನೇ, ಎಲ್ಲೆಲ್ಲಿ ತಪ್ಪಿದ್ದೇನೆಂದು ದಯವಿಟ್ಟು ತೋರಿಸಿಕೊಟ್ಟರೆ ಮುಂದೆ ತಿದ್ದಿಕೊಳ್ಳುತ್ತೇನೆ, ನಿಮ್ಮ ಇಟಾಲಿಯನ್ ಗುರುಗಳು ಯಾರು ಎಂದು ಕೇಳಿದ್ದ.

ನೀವು ನಂಬಲಿಕ್ಕಿಲ್ಲ, ನಾನು ಪೆನ್ನು ತೆಗೆದು ತಿದ್ದಿದೆ. ಎರಡು ಒತ್ತಕ್ಷರ ಸರಿಮಾಡಿದೆ, ಒಂದು ವಾಕ್ಯಕ್ಕೆ ಗಾಂಭೀರ್ಯ ಸಾಲದೆಂದು ಬದಲಾಯಿಸಿದೆ. ‘ಪ್ರತಿಭಾವಂತ ವಿಮರ್ಶಕರಾದ ತಾವು’ ಎಂದಿದ್ದುದನ್ನು ಅಷ್ಟೊಂದು ಬೇಡ ಎಂದು ಹೊಡೆದುಹಾಕಿದೆ. ಆ ವಾರ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಪತ್ರ ಸಂಪಾದಕರಿಗೆ ಹೋಗಿ, ಅಲ್ಲಿಂದ ತಿರುಗಿ ನಮ್ಮ ಮನೆಗೆ ಬಂತು. ನಾನು ಕೆಲಸದಿಂದ ಬರುವಷ್ಟರಲ್ಲಿ ಸುಮತಿ ಅದನ್ನು ಓದಿಕೊಂಡು ಕೂತಿದ್ದಳು. ನಮ್ಮ ಮನೆಮಾತು ತುಳು. ಗಂಭೀರ ವಿಚಾರಕ್ಕೆ ಮಾತ್ರ ಅವಳು ಕನ್ನಡಕ್ಕೆ ಬರುತ್ತಾಳೆ.

“ಇದರಲ್ಲಿ ‘ತಮ್ಮ ಅವಗಾಹನೆಗೆ ತರಬಯಸುತ್ತೇನೆ’ ಅಂತ ಉಂಟಲ್ಲ, ಇದು ನಿಮ್ಮ ಮಾತಲ್ವಾ?” ಎಂದಳು.

ಬಿಲ್ಡಿಂಗಿನ ಸೊಸೈಟಿಗೆ ನೀರಿನ ಟ್ಯಾಂಕಿಯ ಬಗ್ಗೆ ಬರೆಯುವಾಗಲೂ ನಾನು ಅದೇ ಮಾತು ಬಳಸುತ್ತೇನಂತೆ. ಬೇರೆ ದಾರಿಯಿರಲಿಲ್ಲ, ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. “ಭಾನುವಾರ ಕಲ್ಯಾಣಕ್ಕೆ ಹೋಗುವ. ನಾನೂ ಬರ್ತೇನೆ,” ಎಂದಳು. ಅವಳು ಬರುವುದು ನನಗೆ ಧೈರ್ಯ ಕೊಡಲೋ, ನಾನು ಹೇಳದೆ ವಾಪಸು ಬರಬಾರದೆಂದೋ ಎಂದು ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಹೋದಾಗ ಗಿರಿಜಾ ವೈನಿ ಹಚ್ಚಿದ ಅವಲಕ್ಕಿ ಮಾಡಿದ್ದರು. ಶೇಷಗಿರಿಗೆ ನಾವು ಬಂದದ್ದೇ ಸಂತೋಷ. ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ ಎಂದ. ಮೊದಲ ತಟ್ಟೆ ಅವಲಕ್ಕಿ ತಿಂದು ಮುಗಿಸುವವರೆಗೆ ನಾನು ಮಳೆಯ ಬಗ್ಗೆ, ರೈಲಿನ ಬಗ್ಗೆ ಮಾತಾಡಿದೆ. ಸುಮತಿ ನನ್ನನ್ನೇ ನೋಡುತ್ತಿದ್ದಳು. ವೈನಿ ಎರಡನೆಯ ಸಲ ಬಡಿಸಲು ಬಂದಾಗ, ಆ ಕೊನೆಸಾಲಿನವ ನಾನೇ ಎಂದು ಹೇಳಿಬಿಟ್ಟೆ. ಅವಲಕ್ಕಿ ತುಂಬಿದ ಚಮಚ ನನ್ನ ತಟ್ಟೆಯ ಮೇಲೆ ಒಂದು ಗಳಿಗೆ ನಿಂತು, ಹಾಗೇ ಪಾತ್ರೆಗೆ ಹಿಂದಿರುಗಿತು.

ಶೇಷಗಿರಿ ಎದ್ದು ಒಳಗೆ ಹೋದ. ಹೊರಡುವುದೇ ಒಳ್ಳೆಯದೇನೋ ಎಂದು ನಾನು ಚಪ್ಪಲಿಯ ಕಡೆ ನೋಡುವಷ್ಟರಲ್ಲಿ ಪತ್ರಿಕೆ ಹಿಡಿದುಕೊಂಡು ಬಂದ. ನನ್ನ ಎದುರಿಗೆ ಕೂತು ಬೆರಳಿಟ್ಟು ಓದಿದ.

“ಮೂಲ ಚಿತ್ರದ ಲಾಲಿತ್ಯ ಅಂತ ಬರದೀರಿ. ಮೂಲ ನೋಡೀರೇನು?”

ಇಲ್ಲ ಎಂದೆ.

“ಮತ್ತ ಇಟಾಲಿಯನ್?”

ಒಂದಕ್ಷರವೂ ಬರುವುದಿಲ್ಲ ಎಂದೆ. ಆ ಯಂತ್ರದ ಕೈಪಿಡಿಯ ಮಾತು ಬಾಯಿಗೆ ಬಂತು, ಬರೆದೆ, ಅಷ್ಟೆ.

“ನನಗ ಸಿಟ್ಟು ಬಂದದ,” ಎಂದ ಅವನು. ದನಿಯೇನೂ ಏರಿರಲಿಲ್ಲ. “ಹದಿನೈದು ದಿನ ನಾ ನೆಟ್ಟಗ ಉಂಡಿಲ್ಲ. ನೀ ಬಾಯಿಗೆ ಬಂದದ್ದು ಬರದದ್ದಕ್ಕ. ಆ ಪತ್ರ ತಿದ್ದೂ ಮುಂದ ಆದ್ರೂ ಹೇಳಬೇಕಿತ್ತಲ್ಲೋ.”

ನಾಲ್ಕೈದು ವರ್ಷಗಳ ‘ನೀವು’ ಅಲ್ಲಿಗೆ ಮುಗಿಯಿತು. ನಾನು ತಲೆತಗ್ಗಿಸಿ ಕೂತೆ. ಕಡೆಗೆ ಅವನೇ ಉಸಿರು ಬಿಟ್ಟು, ಸಣ್ಣ ದನಿಯಲ್ಲಿ ಇನ್ನೊಂದು ಮಾತು ಹೇಳಿದ. ಮೂಲವನ್ನು ಅವನೂ ನೋಡಿರಲಿಲ್ಲ. ಅವನಿಗೆ ಕೊಟ್ಟದ್ದು ಕಾಗದಗಳು ಮಾತ್ರ.

ಅವನ ಮಗಳು ಪಲ್ಲವಿ ಆಗ ಕಾಲೇಜಿನಲ್ಲಿದ್ದಳು. ಬಾಗಿಲಿಗೆ ಒರಗಿ ಎಲ್ಲ ಕೇಳುತ್ತಿದ್ದವಳು, ಕನ್ನಡ ಪೂರಾ ತಿಳಿದರೂ ಎಂದಿನಂತೆ ಹಿಂದಿಯಲ್ಲಿ, ನೀವಿಬ್ಬರೂ ನೋಡಿಲ್ಲವೆಂದರೆ ಈ ಜಗಳ ಯಾವುದರ ಬಗ್ಗೆ ಎಂದು ಕೇಳಿದಳು. ಅವಳೇ ಕಂಪ್ಯೂಟರಿನಲ್ಲಿ ಆ ಇಟಾಲಿಯನ್ ಚಿತ್ರವನ್ನು ಹುಡುಕಿ ತೆಗೆದಳು. ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಬರುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಪರದೆ ಎಳೆದು ಐವರೂ ನೋಡಲು ಕೂತೆವು.

ಒಂದು ಗಂಟೆ ಯಾರೂ ನಗಲಿಲ್ಲ. ಕೆಟ್ಟ ಚಿತ್ರವೆಂದಲ್ಲ. ಹಳೆಯ ಊರು, ಇಕ್ಕಟ್ಟಾದ ಮೆಟ್ಟಿಲು, ಒಬ್ಬ ಮಗಳ ಮನೆಯಿಂದ ಇನ್ನೊಬ್ಬಳ ಮನೆಗೆ ಪೆಟ್ಟಿಗೆ ಹೊತ್ತು ಹೋಗುವ ಮುದುಕಿ. ನಗುವುದಕ್ಕಿಂತ ನಿಟ್ಟುಸಿರು ಬಿಡಲು ಹೆಚ್ಚು ಅವಕಾಶವಿತ್ತು. ನನ್ನ ‘ಲಾಲಿತ್ಯ’ ಎಲ್ಲಾದರೂ ಕಾಣುತ್ತದೆಯೇ ಎಂದು ಹುಡುಕುತ್ತಿದ್ದೆ. ಶೇಷಗಿರಿ ತನ್ನ ಹಿಂದಿ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದು ಮಾತನ್ನೂ ಪರೀಕ್ಷಿಸುತ್ತಿದ್ದ. ಮಾತು ಸರಿಹೋದಂತೆಲ್ಲ ಅವನ ಬೆನ್ನು ನೆಟ್ಟಗಾಗುತ್ತ ಬಂತು. ಒಂದು ಕಡೆ ಕಿರಿಯ ಅಳಿಯ ಹೆಂಡತಿಗೆ, ನನಗೆ ಎರಡು ಜನ್ಮವಿದ್ದರೂ ಎರಡರಲ್ಲೂ ನೀನೇ ಬೇಕು ಎನ್ನುತ್ತಾನೆ. ಅಲ್ಲಿ ಚಿತ್ರ ನಿಲ್ಲಿಸಲು ಹೇಳಿ ಶೇಷಗಿರಿ ನಮಗೆ ವಿವರಿಸಿದ. ಅವರ ಭಾಷೆಯಲ್ಲಿ ಜನ್ಮಗಳು ಎಂಬ ಮಾತು ಸ್ಕ್ರೂ ಎಂಬ ಶಬ್ದದ ಹಾಗೇ ಇರುತ್ತದಂತೆ. ನನ್ನ ಹತ್ತಿರ ಎರಡು ಸ್ಕ್ರೂ ಇದ್ದಿದ್ದರೆ ಎಂದು ಬರೆಯಲು ಹೊರಟಿದ್ದನಂತೆ. ಎರಡು ಸ್ಕ್ರೂ ಎಂದ ಮೇಲೆ ಬಹುವಚನಕ್ಕೆ ಕೊನೆಯ ಅಕ್ಷರ ಬೇರೆ ಆಗಬೇಕಿತ್ತಲ್ಲ ಎಂದು ಅನುಮಾನ ಬಂದು ನಿಘಂಟು ತೆರೆದು ನೋಡಿದನಂತೆ. ಗಿರಿಜಾ ವೈನಿ ಬೆಳಗಿನಿಂದ ಮೊದಲ ಸಲ ನಕ್ಕರು.

ಆಮೇಲೆ ಅಡಿಗೆಮನೆಯ ದೃಶ್ಯ ಬಂತು. ಮುದುಕಿ ನಮಗೆ ಬೆನ್ನು ಹಾಕಿ ನಿಂತಿದ್ದಾಳೆ. ಸೂಪಿನ ರುಚಿ ನೋಡುತ್ತಾಳೆ, ಸಾಲದು ಎನ್ನುತ್ತಾಳೆ, ಕೈಯಲ್ಲಿದ್ದ ಏನನ್ನೋ ಪಾತ್ರೆಗೆ ಹಾಕುತ್ತಾಳೆ. ಕೈ ಅಡ್ಡವಿದ್ದುದರಿಂದ ಅದೇನೆಂದು ಕಾಣುವುದಿಲ್ಲ. ಮುಂದಿನ ದೃಶ್ಯ ಬಂದುಬಿಡುತ್ತದೆ. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ನಟ್ ಎಲ್ಲಿ? ಪಲ್ಲವಿ ಹಿಂದಕ್ಕೆ ಓಡಿಸಿ ನಿಲ್ಲಿಸಿ, ಕೆಳಗಿನ ಇಂಗ್ಲಿಷನ್ನು ಜೋರಾಗಿ ಓದಿದಳು: ಇನ್ನೊಂದು ಕ್ಯೂಬ್ ಹಾಕಿದರೆ ಸರಿಯಾಗುತ್ತದೆ. ಅಪ್ಪಾ, ಸೂಪ್ ಕ್ಯೂಬ್, ಎಂದಳು. ಸೂಪಿಗೆ ರುಚಿ ಬರಲು ಹಾಕುವ, ಉಪ್ಪು ಮಸಾಲೆ ಒತ್ತಿ ಮಾಡಿದ ಪುಟ್ಟ ತುಂಡು. ಅಂಗಡಿಯಲ್ಲಿ ಸಿಗುತ್ತದೆ.

ಶೇಷಗಿರಿ ನಿಘಂಟು ತಂದು ಹುಡುಕಿದ. ಆ ಶಬ್ದಕ್ಕೆ ಮೊದಲು ಪಗಡೆಯ ದಾಳ ಎಂದಿತ್ತು, ಆಮೇಲೆ ಬೋಲ್ಟಿನ ನಟ್, ಕಟ್ಟಕಡೆಗೆ ಸೂಪಿನ ತುಂಡು. ಹದಿನೈದು ವರ್ಷ ಅವನು ಆ ಶಬ್ದವನ್ನು ನಟ್ ಎಂದೇ ಓದಿದ್ದ. ಯಾವ ಯಂತ್ರವೂ ಅದಕ್ಕೆ ಬೇರೆ ಅರ್ಥವಿದೆಯೆಂದು ಅವನಿಗೆ ಹೇಳಿರಲಿಲ್ಲ. ಅನುಮಾನವೂ ಬರಲಿಲ್ಲವೇ ಎಂದು ಕೇಳಿದೆ. ಹಾಸ್ಯಚಿತ್ರ ಎಂದು ಮೊದಲೇ ಹೇಳಿದ್ದರು, ಮುದುಕಿ ಸಾರಿಗೆ ನಟ್ ಹಾಕಿದಳೆಂದರೆ ಹಾಸ್ಯಕ್ಕೇ ಇರಬೇಕು ಅಂದುಕೊಂಡೆ, ಎಂದ. ಅದನ್ನೋದಿದ ಹಿಂದಿಯವರೂ ಹಾಗೆಯೇ ಅಂದುಕೊಂಡು ನಟ್ಟನ್ನು ತೆರೆಯ ತುಂಬ ತೋರಿಸಿದ್ದರು.

“ಪ್ರೇಮದಾಗ ಹುಷಾರಿದ್ದೆ, ಸಾರಿನ್ಯಾಗ ಮೋಸ ಹೋದೆ,” ಎಂದ ಶೇಷಗಿರಿ.

ಮೊದಲು ನಕ್ಕವಳು ಸುಮತಿ. ಆಮೇಲೆ ಯಾರು ಯಾರನ್ನು ತಡೆಯುವುದು? ಪಲ್ಲವಿ ನೆಲದ ಮೇಲೆ ಕೂತುಬಿಟ್ಟಳು. ವೈನಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಅದೊಂದ ಕಡೆ ಅಲ್ಲೇನು ಜನ ನಕ್ಕದ್ದು, ಅದೊಂದ ಕಡೆ ಅಲ್ಲೇನು ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಹೌದು, ಅದೊಂದೇ ಕಡೆ. ಮೂಲದವರ ಪ್ರತಿಭೆಗೆ ಸಾಕ್ಷಿ ಎಂದು ನಾನು ಹೊಗಳಿದ್ದ ಜಾಗ. ಮೂಲದವರು ಪಾಪ ಸೂಪು ಮಾಡುತ್ತಿದ್ದರು ಅಷ್ಟೆ. ಥಿಯೇಟರಿನಲ್ಲಿ ಅಷ್ಟು ಜನರನ್ನು ನಗಿಸಿದ್ದು, ಮಲಗಿದ್ದ ಅಜ್ಜರನ್ನು ಎಬ್ಬಿಸಿದ್ದು ರಬಾಳೆಯ ಶೇಷಗಿರಿ.

ಅವನು ನಕ್ಕು ಮುಗಿಸಿ ನಿಘಂಟು ಮುಚ್ಚಿಟ್ಟ. ಆಮೇಲೆ ಗಿರಿಜಾ ವೈನಿಯ ಕಡೆ ತಿರುಗಿ, ಇವರಿಗೆ ಇನ್ನೊಂದಿಷ್ಟು ಅವಲಕ್ಕಿ ಹಾಕು ಎಂದ. ಮಧ್ಯಾಹ್ನ ಮೂರೂವರೆಗೆ, ಊಟದ ಮೇಲೆ, ಆ ಮೆತ್ತಗಾದ ಅವಲಕ್ಕಿ ತಿಂದೆ. ಅಷ್ಟು ರುಚಿಯಾದದ್ದು ನಾನು ಇನ್ನೆಲ್ಲೂ ತಿಂದಿಲ್ಲ, ಊರಿನಲ್ಲೂ.

ಮುಂದಿನ ಸಂಚಿಕೆಯಲ್ಲಿ ನನ್ನ ನಿಜ ಹೆಸರಿನಲ್ಲಿ ಅರ್ಧ ಪುಟ ಬರೆದೆ. ಮೂಲವನ್ನು ನೋಡದೆ ಹೊಗಳಿದ್ದೆ, ಮಾತು ಬರೆದವರ ಶ್ರಮ ತಿಳಿಯದೆ ಆಡಿಕೊಂಡಿದ್ದೆ ಎಂದು ಒಪ್ಪಿಕೊಂಡೆ. ಸಂಪಾದಕರಿಗೆ ಇಷ್ಟವಾಗಲಿಲ್ಲ, ವಿಮರ್ಶಕ ಹೀಗೆಲ್ಲ ಒಪ್ಪಿಕೊಂಡರೆ ಓದುಗರಿಗೆ ಅಭ್ಯಾಸವಾಗಿಬಿಡುತ್ತದೆ ಎಂದರು. ನಾನು ಅಂಕಣವನ್ನೇ ಬಿಡುತ್ತೇನೆಂದೂ, ನನಗಿಂತ ಯೋಗ್ಯರೊಬ್ಬರು ಕಲ್ಯಾಣದಲ್ಲಿದ್ದಾರೆಂದೂ ಹೇಳಿದೆ. ಶೇಷಗಿರಿ ಒಪ್ಪಲು ಎರಡು ತಿಂಗಳು ಬೇಕಾಯಿತು. ಆ ಎರಡು ತಿಂಗಳು ಅವನಿಗೆ ಬೇರೆ ಕೆಲಸವಿತ್ತು. ಸಾರಿನಲ್ಲಿ ಮೋಸ ಹೋದವನು ಇನ್ನೆಲ್ಲೆಲ್ಲಿ ಹೋಗಿದ್ದೇನೋ ಎಂದು ಕಾರ್ಖಾನೆಯ ಕೈಪಿಡಿಗಳನ್ನೆಲ್ಲ ಮೊದಲಿನಿಂದ ಓದಿ ಪರೀಕ್ಷಿಸಿದ. ಒಂದೂ ತಪ್ಪಿರಲಿಲ್ಲವಂತೆ. ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ನಿರಾಸೆಯಿತ್ತೇನೋ ಎಂದು ನನಗೆ ಅನುಮಾನ.

ಈಗ ಅವನು ನಿವೃತ್ತ. ಪಲ್ಲವಿ ಖಾರಘರದಲ್ಲಿ ಮನೆ ಮಾಡಿದ್ದಾಳೆ. ಅವನೂ ವೈನಿಯೂ ಅವಳ ಜೊತೆ ಅಲ್ಲೇ ಇದ್ದಾರೆ. ಅಂಕಣ ಅವನ ಸ್ವಂತ ಹೆಸರಿನಲ್ಲೇ ಬರುತ್ತಿದೆ. ಯಾವ ಚಿತ್ರ ಎಲ್ಲಿಂದ ಬಂದಿದ್ದರೂ ಹುಡುಕಿ ಅದನ್ನು ಮೊದಲು ನೋಡುತ್ತಾನೆ. ಹೀಗಾಗಿ ಅವನ ವಿಮರ್ಶೆ ಅಚ್ಚಾಗುವ ಹೊತ್ತಿಗೆ ಚಿತ್ರ ಬಹುತೇಕ ಥಿಯೇಟರು ಬಿಟ್ಟಿರುತ್ತದೆ. ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ನನ್ನ ಫೋನಿಗೆ ಕಳಿಸುತ್ತಾನೆ. ಕಾಗುಣಿತ ನೋಡುವುದು ನನ್ನ ಕೆಲಸ.

ಇವತ್ತು ಬೆಳಿಗ್ಗೆ ಈ ತಿಂಗಳದ್ದು ಬಂತು. ವಾಶಿಯಲ್ಲಿ ನೋಡಿದ ಒಂದು ಹೊಸ ಹಾಸ್ಯಚಿತ್ರದ ಬಗ್ಗೆ. ಕೊನೆಯಲ್ಲಿ ಹೀಗೆ ಬರೆದಿದ್ದ: ‘ಈ ಚಿತ್ರದಲ್ಲಿ ನನಗೆ ನಗು ಬರಲಿಲ್ಲ. ನನ್ನ ಪಕ್ಕದಲ್ಲಿ ಕೂತವರು ಮೊದಲಿನಿಂದ ಕೊನೆಯವರೆಗೂ ನಕ್ಕರು. ಮುಗಿದ ಮೇಲೆ ಯಾಕೆ ನಕ್ಕಿರಿ ಎಂದು ಕೇಳಿದೆ. ಅವರು ತುರ್ಭೆಯಲ್ಲಿ ಮೂಟೆ ಹೊರುವವರು. ಭಾಳ ದಿನದ ಮೇಲೆ ಒಂದು ರಜೆ ಸಿಕ್ಕದ, ನಗದೆ ಮನೆಗೆ ಹೋಗುವುದು ಹೇಗೆ ಎಂದರು.’

ನಾನು ಎರಡು ಸಲ ಓದಿದೆ. ‘ಸಿಕ್ಕದ’ ಎಂಬಲ್ಲಿ ‘ಸಿಕ್ಕಿದೆ’ ಎಂದು ತಿದ್ದಬೇಕಿತ್ತು, ತಿದ್ದಲಿಲ್ಲ. ಅಡಿಗೆಮನೆಗೆ ಹೋಗಿ, ಶನಿವಾರ ವಾಶಿಗೆ ಹೋಗಿ ಆ ಚಿತ್ರ ನೋಡುವ ಎಂದು ಸುಮತಿಗೆ ಹೇಳಿದೆ. ಚೆನ್ನಾಗಿ ಉಂಟಂತಾ ಎಂದು ಕೇಳಿದಳು. ಶೇಷಗಿರಿಗೆ ನಗು ಬರಲಿಲ್ಲವಂತೆ ಎಂದೆ.

“ಹಾಗಾದರೆ ಅವರನ್ನೂ ಕರೆಯಿರಿ,” ಎಂದಳು ಸುಮತಿ, “ನಮ್ಮೊಟ್ಟಿಗೆ ಇನ್ನೊಮ್ಮೆ ನೋಡಲಿ.”